ಕಾಗದದ ಮಡಿ

ಹೈದರಾಬಾದಿನ ಸೆಕ್ರೆಟೇರಿಯಟ್ಟಿನಲ್ಲಿ ಪ್ರಾಣೇಶ ನೋಡಿದ ಕಡತದಲ್ಲಿ ಎಳ್ಳಷ್ಟೂ ಲೋಪ ಉಳಿಯುತ್ತಿರಲಿಲ್ಲ. "ನಮ್ಮ ಪ್ರಾಣ್ಯಾಗ ಕಾಗದದಾಗೂ ಮಡಿ" ಎಂದು ಅಕ್ಕ ಗೋದಾಬಾಯಿ ಬಂಧುಗಳೆದುರು ಹೊಗಳಿದಾಗಲೆಲ್ಲ ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಅಕ್ಕನ ಊರು ಕರ್ನಾಟಕದ ಗಡಿಗೆ ಹತ್ತಿದ ಹಿಂದುಳಿದ ತಾಲೂಕು. ಅಲ್ಲಿಯ ಆಸ್ಪತ್ರೆಗೆ ಬಂದ ನರ್ಸುಗಳು ಯಾರೂ ನಿಲ್ಲುತ್ತಿರಲಿಲ್ಲ. ಊರಿನ ಹುಡುಗಿಯರಿಗೇ ಕಲಿಸೋಣವೆಂದು ಹಿರಿಯರು ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದರು. ಆಸ್ಪತ್ರೆಯಲ್ಲಿ ನಿಯಮದಷ್ಟು ಹಾಸಿಗೆಗಳಿಲ್ಲವೆಂದು ಪ್ರಾಣೇಶ ತನ್ನ ಮೇಜಿಗೆ ಬಂದ ಕಡತದಲ್ಲಿ ಬರೆದ, ಅರ್ಜಿ ಬಿದ್ದುಹೋಯಿತು. ಅಕ್ಕನ ಊರೆಂದು ರಿಯಾಯಿತಿ ತೋರಿಸಲಿಲ್ಲವೆಂಬ ಹೆಮ್ಮೆ ಬೇರೆ.

ಕೆಲವು ವರ್ಷಗಳ ಮೇಲೆ ಅದೇ ಆಸ್ಪತ್ರೆಯಲ್ಲಿ ಅಕ್ಕನ ಮಗಳು ಶಾಮಲಾ ಹೆತ್ತಳು. ರಕ್ತ ಹರಿಯುತ್ತಲೇ ಇತ್ತು. ಬಂದು ನೋಡಲು ಒಬ್ಬ ನರ್ಸೂ ಇರಲಿಲ್ಲ. ಡಾಕ್ಟರನ್ನು ಮನೆಯಿಂದ ಕರೆತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಾಯಿಯಿಲ್ಲದ ಆ ಕೂಸನ್ನು ಹೈದರಾಬಾದಿನ ಡಾಕ್ಟರಿಗೆ ತೋರಿಸಿ ಗೋದಾಬಾಯಿ ಊರಿಗೆ ಹೊರಟಿದ್ದಳು. ಪ್ರಾಣೇಶ ಆಫೀಸಿನಿಂದ ನೆಟ್ಟಗೆ ಕಾಚಿಗೂಡ ಸ್ಟೇಷನ್ನಿಗೆ ಓಡಿಬಂದ.

"ಅಕ್ಕಾ, ಹಿಂದುಳಿದ ತಾಲೂಕಿಗೆ ನಿಯಮ ಸಡಿಲ ಮಾಡ್ಯಾರ. ಇದ್ದ ಹಾಸಿಗೀನ ಸಾಕಂತ. ಇನ್ನ ನಿಮ್ಮೂರಿಗೆ ಕಾಲೇಜು ಬರ್ತದ. ಆರ್ಡರ್ ನಾನ ಬರದೀನಿ."

ಹಸಿದ ಕೂಸು ಚೀರತೊಡಗಿತು. ಎತ್ತಿಕೊಳ್ಳಲು ಅವನು ಕೈ ಚಾಚಿದ. ಗೋದಾಬಾಯಿ ಹಿಂದೆ ಸರಿದು ಕೂಸಿಗೆ ಸೆರಗು ಮುಚ್ಚಿದಳು.

"ಮುಟ್ಟಬ್ಯಾಡೋ ಪ್ರಾಣ್ಯಾ," ಎಂದಳು. "ನಿನ್ನ ಮಡಿ ಕೆಡ್ತದ."