ಮಾತು ಮುಗಿಸಿಕೊಡುವವರು

ಶಹಾಪುರದ ಹಳೇ ಪೇಟೆಯ ಹಿಟ್ಟಿನ ಗಿರಣಿಯಲ್ಲಿ ಗೊಲ್ಲಾಳಮ್ಮನ ಎದುರು ಯಾರೂ ಪೂರ್ತಿ ಮಾತಾಡುವ ಅಗತ್ಯವೇ ಇರಲಿಲ್ಲ. ಗಿರಣಿ ತಿರುಗುವಾಗ ಕಿವಿಗೆ ಮಾತು ಎಲ್ಲಿ ಬೀಳಬೇಕು? ಬಂದವರು ಬುಟ್ಟಿ ಇಳಿಸಿ ಬಾಯಿ ತೆರೆದರೆ ಸಾಕು, ಆಕೆ ತುಟಿ ನೋಡಿ ಉಳಿದದ್ದನ್ನು ತಾನೇ ಮುಗಿಸುತ್ತಿದ್ದಳು. "ಸಜ್ಜಿ, ದಪ್ಪಗ, ಸಂಜಿಗಿ ಒಯ್ತೀರಿ. ಹೌದಿಲ್ಲ?" ಬಂದವರು ತಲೆಯಾಡಿಸಿ ಹೋಗುತ್ತಿದ್ದರು. ಮೂವತ್ತು ವರ್ಷ ಹೀಗೇ ಕಳೆದಿತ್ತು.

"ಗೊಲ್ಲಾಳಕ್ಕಾ, ನನ್ನ ಬಾಯಾಗಿಂದೂ ನೀನ ಹೇಳಿದ್ರ ನಾ ಯಾಕ ಬರಬೇಕು? ಬುಟ್ಟಿ ಒಂದ ಕಳಸ್ತೀನಿ ಬಿಡು," ಎಂದು ಪಕ್ಕದ ಓಣಿಯ ಶರೀಫಾಬೀ ಎಷ್ಟೋ ಸಲ ನಕ್ಕಿದ್ದಳು.

ಗಂಡ ಶಾಂತಪ್ಪನ ಸ್ವಭಾವ ಬೇರೆ. ಮೋಟಾರು, ಬೆಲ್ಟು ನೋಡಿಕೊಳ್ಳುತ್ತ, ಸವೆದ ಕಲ್ಲನ್ನು ಉಳಿ ಹಿಡಿದು ಒರಟು ಮಾಡುತ್ತ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆದರೆ ಸೋಮವಾರ ಸಂಜೆ ಮಠದ ಭಜನೆಯಲ್ಲಿ ಹಾಡಿನ ಸೊಲ್ಲು ಮೊದಲು ಎತ್ತುವವನು ಆತನೇ. ಸುರಪುರದಿಂದ ಬರುವ ಗೆಳೆಯ ಸಂಗಮನಾಥ ದಮ್ಮಡಿ ತಟ್ಟುತ್ತ ಹಿಂದಿನಿಂದ ಎತ್ತಿಕೊಳ್ಳುತ್ತಿದ್ದ. ಒಂದು ಸೊಲ್ಲು ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಶಾಂತಪ್ಪ ಎಷ್ಟು ಹೊತ್ತು ನಿಲ್ಲುತ್ತಿದ್ದನೆಂದರೆ, ಪದ ಮರೆತನೇನೋ ಎಂದು ಹೊಸಬರು ಕತ್ತೆತ್ತಿ ನೋಡುತ್ತಿದ್ದರು. ಮರೆತಿರುತ್ತಿರಲಿಲ್ಲ. ಹಾಡಿದ್ದು ಇಳಿಯಲೆಂದು ಕಾಯುತ್ತಿದ್ದ. ಮನೆಯಲ್ಲಿ ಮಾತ್ರ ಆ ಬಿಡುವು ಆತನಿಗೆ ಸಿಗಲಿಲ್ಲ. "ಇವತ್ತ..." ಅಂದರೆ "ಝುಣಕಾ ಮಾಡೀನಿ" ಎಂದು ಹೆಂಡತಿ ಮುಗಿಸಿರುತ್ತಿದ್ದಳು. ಸಂಸಾರ ಸುಸೂತ್ರವಾಗಿಯೇ ನಡೆದಿತ್ತು.

ಹೋದ ವರ್ಷ ಕಾರ್ತಿಕದಲ್ಲಿ ಶಾಂತಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಮೂರು ತಿಂಗಳಲ್ಲಿ ಅಷ್ಟಿಷ್ಟು ತಿರುಗಿ ಬಂತು, ನಾಲಿಗೆ ಬರಲಿಲ್ಲ. ವಿಚಿತ್ರವೆಂದರೆ, ಸಂಗಮನಾಥ ಎದುರಿಗೆ ಕೂತು ದಮ್ಮಡಿ ತಟ್ಟಿದರೆ ಹಳೆಯ ಪದದ ನುಡಿಯೊಂದನ್ನು ಒಂದಕ್ಷರ ಜಾರದಂತೆ ಹಾಡುತ್ತಿದ್ದ. ಹಾಡು ನಿಂತ ಮೇಲೆ ನೀರು ಕೇಳಲು ಬರುತ್ತಿರಲಿಲ್ಲ. ಕೈ ತಂಬಿಗೆಯ ಕಡೆ ಹೋಗುತ್ತಿತ್ತು, ಬಾಯಿ "ಬಾಗಲಾ" ಅನ್ನುತ್ತಿತ್ತು. ಹಾಡಿನಲ್ಲಿದ್ದ ಮಾತೆಲ್ಲ ಆಮೇಲೆ ಎಲ್ಲಿ ಹೋಗುತ್ತದೆ ಶಿವನೇ ಎಂದು ಗೊಲ್ಲಾಳಮ್ಮ ವಿಭೂತಿ ಹಚ್ಚಿಕೊಳ್ಳುವಾಗ ದಿನವೂ ಕೇಳುತ್ತಿದ್ದಳು.

ಯಾದಗಿರಿಯ ಸೇವಾ ಸಂಸ್ಥೆಯೊಂದರಿಂದ ಗುರುವಾರಕ್ಕೊಮ್ಮೆ ಬಂದು ಬಾಯಿಯ ವ್ಯಾಯಾಮ ಮಾಡಿಸುತ್ತಿದ್ದ ಸರಿತಾ, ಶಿವರಾತ್ರಿ ಕಳೆದ ಮೇಲೆ ಅಂಗೈಯಗಲದ ಒಂದು ಕಪ್ಪು ಡಬ್ಬಿ ತಂದು ಗೋಡೆಯ ಗೂಡಿನಲ್ಲಿಟ್ಟಳು.

"ಏನ್ ಮಾಡತೈತವ್ವ ಇದು?"

"ಕೇಳತೈತ್ರಿ ಅಮ್ಮಾ."

"ಕೇಳಿ?"

"ಹೂಂ ಅಂತೈತಿ."

"ಅಷ್ಟ? ಅಷ್ಟಕ್ಕ ಕರೆಂಟ್ ಬ್ಯಾರೆ?"

ಸರಿತಾ ನಕ್ಕಳು. "ಇದರಾಗ ಕೃತಕ ಬುದ್ಧಿ ಐತ್ರಿ. ಆದ್ರ ಮಾತು ಕಮ್ಮಿ. ನಿಮ್ಮ ಮನ್ಯಾರ ಮಾತು ಮುಗೀತೋ, ನಡಕ ತಡದಾರೋ ಅನ್ನೂದಷ್ಟ ಗುರ್ತ ಹಿಡೀತೈತಿ. ತಡದ್ರ ಕಾಯತೈತಿ."

ಮೊದಲ ದಿನ ಶಾಂತಪ್ಪ ಕುರ್ಚಿ ತೋರಿಸಿ "ಕುದುರಿ" ಅಂದ. "ಕುದುರಿ. ಹೂಂ," ಅಂದಿತು ಡಬ್ಬಿ, ಕುದುರೆಯೇ ಎದುರಿಗೆ ನಿಂತಿದೆ ಅನ್ನುವಷ್ಟು ನಂಬಿಕೆಯಿಂದ. ಶಾಂತಪ್ಪನಿಗೆ ನಗು ಬಂತು. ಲಕ್ವ ಹೊಡೆದ ಮೇಲೆ ಆತ ನಕ್ಕದ್ದು ಅದೇ ಮೊದಲು. ಗೊಲ್ಲಾಳಮ್ಮನ ನಾಲಿಗೆಯ ತುದಿಗೆ ಸರಿಯಾದ ಮಾತು ಬಂದು ಕೂತಿತ್ತು; ಸರಿತಾ ತುಟಿಯ ಮೇಲೆ ಬೆರಳಿಟ್ಟು ತಡೆದಳು. "ಡಬ್ಬಿ ಸುಮ್ಮಕ ಐತಿ ನೋಡ್ರಿ. ನೀವೂ ಒಂಚೂರು." ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು. ಆಮೇಲೆ, "ಕು... ಕುರ್ಚಿ."

"ಕುರ್ಚಿ. ಹೂಂ," ಅಂದಿತು ಡಬ್ಬಿ. ಅದಕ್ಕೆ ಕುದುರೆಯೂ ಅಷ್ಟೇ, ಕುರ್ಚಿಯೂ ಅಷ್ಟೇ.

"ಮಡ್ಡ ಐತಿ, ಏನೂ ತಿಳ್ಯಂಗಿಲ್ಲ," ಅಂದಳು ಗೊಲ್ಲಾಳಮ್ಮ. ಆದರೆ ಮರುದಿನದಿಂದ ಗೂಡಿನ ಧೂಳು ಒರೆಸುವಾಗ ಅದನ್ನು ದೇವರ ಪೀಠದಷ್ಟೇ ಜೋಪಾನವಾಗಿ ಎತ್ತಿಡುತ್ತಿದ್ದಳು.

ಶ್ರಾವಣದ ಹೊತ್ತಿಗೆ ಆತನಿಗೆ ದಿನಕ್ಕೆ ಹತ್ತು ಹನ್ನೆರಡು ಮಾತು ತನ್ನವೇ ಅನ್ನುವಂತೆ ಬರತೊಡಗಿದವು. ಮೊದಲು ಹಾಡಿನ ಧಾಟಿಯಲ್ಲಿ ಎಳೆದು, ಆಮೇಲೆ ಧಾಟಿ ಬಿಟ್ಟು ಹೇಳುತ್ತಿದ್ದ. ಒಂದು ಮಧ್ಯಾಹ್ನ ಬೆಲ್ಟು ಹರಿದು ಗಿರಣಿ ನಿಂತಿತ್ತು. ಗೊಲ್ಲಾಳಮ್ಮ ಜೋಳದಲ್ಲಿನ ಹರಳು ಆರಿಸುತ್ತ ಕೂತಿದ್ದಳು. ಶಾಂತಪ್ಪ ಗೋಡೆ ಹಿಡಿದು ಹೊಸ್ತಿಲ ತನಕ ಬಂದ.

"ಗೊಲ್ಲಾಳಿ... ನಿನಗ... ಒಂದ..."

ಒಂಬತ್ತು ತಿಂಗಳ ಮೇಲೆ ಆತ ಹೆಸರು ಹಿಡಿದು ಕರೆದಿದ್ದ. ಆಕೆಗೆ ತಡೆಯಲಾಗಲಿಲ್ಲ. "ಚಾ ಬೇಕೇನ್ರಿ? ಹೊಟ್ಟಿ ನೋಯಾಕತ್ತೈತೇನು? ಸಂಗಣ್ಣಗ ಫೋನ್ ಹಚ್ಚಲಿ?"

ಆತ ಎಡಗೈ ಎತ್ತಿದ. ಅಲ್ಲ. ಒಳಗೆ ಹೋಗಿ ಡಬ್ಬಿಯ ಮುಂದೆ ಕೂತ. ಗೋಡೆಯಾಚೆಯಿಂದ ಆಕೆಗೆ ಕೇಳಿಸುತ್ತಿತ್ತು: "ಗೊಲ್ಲಾಳಿ, ನಿನಗ ಒಂದ..." "ಒಂದ. ಹೂಂ." ಮರುದಿನವೂ ಅದೇ, ಅದರ ಮರುದಿನವೂ ಅದೇ. ವಾರ ಕಳೆದ ಮೇಲೆ ಇನ್ನೊಂದು ಮಾತು ಸೇರಿತು: "ನಿನಗ ಒಂದ ಹೇಳದ..." ತನಗೆ ಹೇಳುವುದನ್ನು ಗಂಡ ಡಬ್ಬಿಯ ಮುಂದೆ ಕೂತು ಕಲಿಯುತ್ತಿದ್ದಾನೆಂದು ತಿಳಿದು ಆಕೆ ಮೊರ ಹಾಗೇ ಹಿಡಿದು ಕೂತುಬಿಟ್ಟಳು.

"ಮೂವತ್ತ ವರ್ಷದಾಗ ಹೇಳದ್ದು ಏನೋ ಒಂದ ಐತಿ ಶರೀಫಾ. ಏನಿರಬೇಕು?"

"ನಿನ್ನ ಕೈಯಾನ ಬ್ಯಾಳಿ ನುಣ್ಣಗ ಕುದ್ಯಂಗಿಲ್ಲ ಅಂತಿರಬೇಕು. ಮನಷ್ಯಾ ಅಂಜಿಕ್ಯಾಗ ಇಷ್ಟ ದಿನ ನುಂಗ್ಯಾನ," ಅಂದಳು ಶರೀಫಾಬೀ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕ ಮೇಲೂ ಪ್ರಶ್ನೆ ಹಾಗೇ ಇತ್ತು. ಗೊಲ್ಲಾಳಮ್ಮ ಆ ದಿನಗಳಲ್ಲಿ ದೇವರ ಹತ್ತಿರ ಬೇರೆ ಏನನ್ನೂ ಕೇಳಲಿಲ್ಲ. ಆ ಒಂದು ಮಾತು ಪೂರ್ತಿಯಾಗಲಿ, ತಾನು ಅದನ್ನು ಕೇಳುವಂತಾಗಲಿ ಎಂದಷ್ಟೇ ಕೇಳಿಕೊಂಡಳು.

ಗಣೇಶನ ಹಬ್ಬ ಮುಗಿದ ವಾರ, ಬೆಳಗಿನ ಪೂಜೆಯ ಹೊತ್ತಿಗೆ ಡಬ್ಬಿ ತಾನಾಗಿ ಬಾಯಿ ಬಿಟ್ಟಿತು.

"ಶುಭೋದಯ ಶಾಂತಪ್ಪನವರೇ! ನಾನೀಗ ಇನ್ನಷ್ಟು ಚುರುಕಾಗಿದ್ದೇನೆ. ಇನ್ನು ನೀವು ಕಷ್ಟಪಡಬೇಕಾಗಿಲ್ಲ."

ಅದು ವಾರ್ತೆ ಓದುವವರ ಕನ್ನಡ. ಶಾಂತಪ್ಪ ಒಮ್ಮೆ ಹುಬ್ಬೇರಿಸಿ, ತನ್ನ ನಿತ್ಯದ ಪಾಠ ತೆಗೆದ. "ಗೊಲ್ಲಾಳಿ, ನಿನಗ ಒಂ..."

"ಗೊಲ್ಲಾಳಮ್ಮ, ನಿನಗೊಂದು ಮಾತು ಹೇಳಬೇಕು. ನೀನು ನನಗಾಗಿ ಮಾಡಿದ ಸೇವೆಗೆ ನಾನು ಸದಾ ಋಣಿ."

ಈ ಸಲ ದನಿ ಶಾಂತಪ್ಪನದೇ. ಏಳು ತಿಂಗಳು ಕೇಳಿ ಕೇಳಿ ಅದು ಆತನ ಗಂಟಲನ್ನೇ ಕಲಿತಿತ್ತು. ಹಬ್ಬಕ್ಕೆಂದು ಬಂದು ಉಳಿದಿದ್ದ ಸಂಗಮನಾಥ ಬಚ್ಚಲಿನಿಂದ ಒದ್ದೆ ಮೈಯಲ್ಲೇ ಓಡಿ ಬಂದ. "ಶಾಂತಣ್ಣ ಮಾತಾಡಿದಾ! ಯವ್ವಾ, ಶಾಂತಣ್ಣ ಮಾತಾಡಿದಾ!" ಎಂದು ಅಳತೊಡಗಿದ.

ಶಾಂತಪ್ಪ ತಲೆ ಅಡ್ಡಡ್ಡ ಆಡಿಸುತ್ತಿದ್ದ. ಅಲ್ಲ, ಅಲ್ಲ.

"ಕ್ಷಮಿಸಿ. ನಿಮ್ಮ ಮನಸ್ಸಿನಲ್ಲಿದ್ದದ್ದು ಇದೇ? ನನ್ನ ಚಿಂತೆ ಬಿಡು, ನಾನು ಚೆನ್ನಾಗಿದ್ದೇನೆ."

ಅಲ್ಲ.

"ಹಾಗಾದರೆ ಇದೇ? ಗಿರಣಿಯ ಕೆಲಸ ನಿನಗೆ ಭಾರವಾಗುತ್ತಿದೆ, ಒಬ್ಬರನ್ನು ಇಟ್ಟುಕೊಳ್ಳೋಣ."

ಐದನೆಯದಕ್ಕೆ ಶಾಂತಪ್ಪ ಹೌದೆಂದು ತಲೆಯಾಡಿಸಿದ. ಡಬ್ಬಿ ಧನ್ಯವಾದ ಹೇಳಿತು. ಆ ತಲೆಯಾಡಿಸುವಿಕೆ ಗೊಲ್ಲಾಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಗಿರಣಿಯ ಬಾಗಿಲಲ್ಲಿ, ಬಿಸಿಲಲ್ಲಿ ನಿಂತು ದಣಿದವರು, ಸಣ್ಣಗೆ ಬೇಕಿದ್ದರೂ ದಪ್ಪಗೆ ಆಗಲಿ ಬಿಡು ಎಂದು ಹೊರಟುಬಿಡುವವರು ಹಾಗೆಯೇ ತಲೆಯಾಡಿಸುತ್ತಿದ್ದರು.

ಓಣಿಗೆ ಓಣಿಯೇ ನೋಡಲು ಬಂತು. ಯಾರು ಏನು ಕೇಳಿದರೂ ಡಬ್ಬಿ ಶಾಂತಪ್ಪನ ದನಿಯಲ್ಲಿ ಉತ್ತರ ಕೊಡುತ್ತಿತ್ತು. "ಭಾಯಿ, ಊಟ ಆತೇನ್ರಿ?" ಎಂದು ಶರೀಫಾಬೀ ಕೇಳಿದರೆ, "ಆಯಿತು, ಬಹಳ ರುಚಿಯಾಗಿತ್ತು" ಅಂದಿತು. ಒಲೆಯ ಮೇಲೆ ರೊಟ್ಟಿ ಇನ್ನೂ ಬೇಯುತ್ತಿತ್ತು. "ಅಕ್ಕಾ, ಭಾಯಿ ಸುಳ್ಳು ಹೇಳೂದು ಕಲ್ತಾರ. ಖರೇನ ಆರಾಮ ಆಗ್ಯಾರ!" ಎಂದು ಶರೀಫಾಬೀ ನಗಲು ನೋಡಿದಳು. ಗೊಲ್ಲಾಳಮ್ಮ ನಗದೆ ರೊಟ್ಟಿ ತಿರುವಿ ಹಾಕಿದಳು.

ಹದಿನೈದು ದಿನದಲ್ಲಿ ಶಾಂತಪ್ಪ ಬಾಯಿ ತೆರೆಯುವುದನ್ನು ಬಿಟ್ಟ. ಹಾಡಾದರೂ ಇದೆಯಲ್ಲ ಎಂದು ಒಂದು ಸೋಮವಾರ ಸಂಗಮನಾಥ ದಮ್ಮಡಿ ಹಿಡಿದು ಕೂತ. ಶಾಂತಪ್ಪ ಕಣ್ಣುಮುಚ್ಚಿ ಒಂದು ಸೊಲ್ಲು ಎತ್ತಿದ. ಎಂದಿನಂತೆ ನಿಂತ. ಆ ಬಿಡುವಿನೊಳಗೆ ಡಬ್ಬಿ ಮುಂದಿನ ಸೊಲ್ಲು ಹಾಡಿತು, ಆತನದೇ ದನಿಯಲ್ಲಿ, ತಾಳ ತಪ್ಪದೆ, ನಿಲ್ಲದೆ, ಪದದ ಕೊನೆಯ ತನಕ. ಶಾಂತಪ್ಪ ಕಣ್ಣು ತೆರೆದು ತನ್ನ ಹಾಡು ಕೇಳಿದ. ಆಮೇಲೆ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಗೊಲ್ಲಾಳಮ್ಮ ಡಬ್ಬಿಯ ತಂತಿ ಕಿತ್ತಿಟ್ಟಳು. ಆಗ ಇನ್ನೊಂದು ಬಾಧೆ. ಹಸಿವಾದರೂ ನೀರಡಿಸಿದರೂ ಆತ ಗೂಡಿನ ಕಡೆ ಕೈ ಮಾಡಿ ಮಂಚ ಬಡಿಯುತ್ತಿದ್ದ. ಅದು ಬೇಕು. ಅದಿಲ್ಲದೆ ಬಾಯಿಲ್ಲ. ಮತ್ತೆ ತಂತಿ ಚುಚ್ಚಿದಳು.

ಗುರುವಾರ ಬಂದ ಸರಿತಾ ತನ್ನ ಫೋನಿನಲ್ಲಿ ಒಂದು ನಕ್ಷೆ ತೋರಿಸಿದಳು. ಗೆರೆ ಮೇಲೆ ಮೇಲೆ ಹತ್ತಿತ್ತು. "ದಿನಕ್ಕ ನಾನೂರು ಮಾತು ಆಡ್ಯಾರ ಅಂತ ಬಂದೈತ್ರಿ ಅಮ್ಮಾ."

"ಅವು ಅವ್ರ ಮಾತಲ್ಲ."

"ನಂಗ ಗೊತ್ತೈತ್ರಿ." ಆಕೆ ಫೋನ್ ಕೆಳಗಿಟ್ಟಳು. "ನಾ ಹೇಳಿದ್ರ ಆಫೀಸಿನಾಗ ನಗತಾರ. ನೀವ ಒಮ್ಮೆ ಬಂದು ಹೇಳ್ರಿ."

ಮರುದಿನ ಬೆಳಿಗ್ಗೆ ಶರೀಫಾಬೀಯನ್ನು ಮನೆಯಲ್ಲಿ ಕೂರಿಸಿ ಗೊಲ್ಲಾಳಮ್ಮ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಯಾದಗಿರಿಯ ಬಸ್ಸು ಹತ್ತಿದಳು. ಸಂಸ್ಥೆಯ ಕಚೇರಿಯಲ್ಲಿದ್ದ ಬಸವಕುಮಾರ ಒಳ್ಳೆಯ ಮನುಷ್ಯ. ಎದ್ದು ಕುರ್ಚಿ ಕೊಟ್ಟ, ನೀರು ತರಿಸಿದ, ಡಬ್ಬಿಗೆ ತಂತಿ ಚುಚ್ಚಿ ಮೇಜಿನ ಮೇಲಿಟ್ಟ.

"ಹೇಳ್ರಿ ಅಮ್ಮಾ, ಏನ್ ತ್ರಾಸು?"

"ಸಾಹೇಬ್ರ, ನಮ್ಮ ಮನ್ಯಾರ ಮಾತು ಮುಗಿಯೂದ್ರೊಳಗ ಇದು..."

"...ಅವರನ್ನು ಅರ್ಥಮಾಡಿಕೊಂಡು ನೆರವಾಗುತ್ತಿದೆ ಎಂದು ತಿಳಿಸಲು ಬಂದಿದ್ದೀರಿ," ಅಂದಿತು ಡಬ್ಬಿ.

ಬಸವಕುಮಾರ ಗಹಗಹಿಸಿ ನಕ್ಕ. ಆಕೆಯ ಮುಖ ನೋಡಿ ನಗು ನಿಲ್ಲಿಸಿ ತಂತಿ ಕಿತ್ತ.

"ನಂಗ ಹಳೇದು ಕೊಡ್ರಿ. ಮಡ್ಡ ಇತ್ತಲ್ಲ, ಹೂಂ ಅಂತಿತ್ತಲ್ಲ, ಅದು."

"ಅದು ಈಗ ಇಲ್ಲರಿ. ಇವೆಲ್ಲ ಮ್ಯಾಲಿಂದ ಒಮ್ಮೆಲೆ ಬದಲಾಗ್ತಾವ. ನಮ್ಮ ಕೈಯಾಗಿಲ್ಲ. ಮತ್ತ ನೋಡ್ರಿ, ಅದಕ್ಕ ನಾಕ ಮಾತು ಬರ್ತಿದ್ದಿಲ್ಲ. ಇದು ಎಷ್ಟ ಶಾಣ್ಯಾ ಐತಿ."

"ಶಾಣ್ಯಾರು ನಮ್ಮ ಓಣ್ಯಾಗ ಕಮ್ಮಿ ಅದಾರೇನ್ರಿ? ನಾನೊಬ್ಬಾಕಿ ಸಾಲಂಗಿಲ್ಲೇನು? ಮೂವತ್ತ ವರ್ಷ ಅವ್ರ ಮಾತು ನಾನ ಮುಗಿಸೀನಿ. ಸುಮ್ಮ ಕುಂತು ಕೇಳೂದು ಯಾರಿಗೂ ಬರಲಿಲ್ಲ, ಅದೊಂದಕ್ಕ ಬರ್ತಿತ್ತು. ಏನೂ ತಿಳೀತಿದ್ದಿಲ್ಲ ಅಂತನ ಅವ್ರು ಅದರ ಮುಂದ ಅಂಜದ ಮಾತಾಡ್ತಿದ್ರು. ಜೊತಿಗಾರ ಇತ್ತದು. ಅದನ್ನ ಒಯ್ದು ನನ್ನಂಗ ಮಾಡಿಟ್ರೆಲ್ರಿ."

ಬಸವಕುಮಾರ ದೂರಿನ ಅರ್ಜಿ ತೆಗೆದ. ಡಬ್ಬಿ ಮಾತಾಡುವುದಿಲ್ಲ, ಡಬ್ಬಿಗೆ ಕೇಳಿಸುವುದಿಲ್ಲ, ಡಬ್ಬಿ ಒಡೆದಿದೆ ಎಂದು ಮೂರೇ ಕಾರಣ ಅದರಲ್ಲಿ ಅಚ್ಚಾಗಿದ್ದವು. "ಇದರಾಗ ಯಾವುದಕ್ಕ ಗುರ್ತ ಹಾಕಲ್ರಿ ಅಮ್ಮಾ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದ. ಆಕೆಗೂ ತಿಳಿಯಲಿಲ್ಲ. ಡಬ್ಬಿಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು, ಕೈಮುಗಿದು ಹೊರಬಿದ್ದಳು. ಬಸ್ಸಿನಲ್ಲಿ ಪಕ್ಕದವಳು ಏನೋ ಹೇಳಲು ಬಾಯಿ ತೆರೆದಾಗ, ಮುಂದಿನದು ಗೊತ್ತಾಗಿಯೂ ಆಕೆ ಕಿಟಕಿಯ ಕಡೆ ತಿರುಗಿ ಕೂತಳು.

ಮನೆಗೆ ಬಂದಾಗ ಮೂರು ಗಂಟೆಯ ಬಿಸಿಲು, ಕರೆಂಟ್ ಇರಲಿಲ್ಲ. ಶರೀಫಾಬೀ ಎದ್ದು ಗಿರಣಿಯ ಕಡೆ ಹೋದಳು. ಶಾಂತಪ್ಪ ಖಾಲಿ ಚೀಲ ನೋಡಿದ. ಖಾಲಿ ಗೂಡು ನೋಡಿದ.

ಗೊಲ್ಲಾಳಮ್ಮ ಆತನ ಎದುರಿಗೆ ನೆಲದ ಮೇಲೆ ಕೂತಳು. "ಅದನ್ನ ಬಿಟ್ಟು ಬಂದೀನ್ರಿ. ಈಗ ನಾ ಇದ್ದೀನಿ. ನಾ ನಡಕ ಬಾಯಿ ಹಾಕಂಗಿಲ್ಲ, ಶಿವನಾಣಿ. ಅವತ್ತ ಏನೋ ಹೇಳಾಕತ್ತಿದ್ರಿ. ಹೇಳ್ರಿ."

ಆತನ ತುಟಿ ಅಲುಗಿತು. "ಗೊಲ್ಲಾಳಿ..." ಮತ್ತೆ ಅಲುಗಿತು. "ನಿನಗ..."

ಅಲ್ಲಿಗೆ ನಿಂತಿತು. ಆಕೆಯ ಬಾಯಿಯಲ್ಲಿ ಹತ್ತು ಮಾತು ಒಂದರ ಮೇಲೊಂದು ಬಂದು ಒತ್ತುತ್ತಿದ್ದವು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕರೆಂಟ್ ಬಂದಿರಬೇಕು, ಹೊರಗಿನಿಂದ ಶರೀಫಾಬೀ "ಅಕ್ಕಾ, ಮಂದಿ ನಿಂತಾರ, ಜಲ್ದಿ ಬಾ" ಎಂದು ಎರಡು ಸಲ ಕೂಗಿದಳು. ಗೊಲ್ಲಾಳಮ್ಮ ಏಳಲಿಲ್ಲ. ಗಂಡನ ತುಟಿಯನ್ನೇ ನೋಡುತ್ತಿದ್ದಳು. ಗಂಡ ಆಕೆಯ ತುಟಿಯನ್ನು ನೋಡುತ್ತಿದ್ದ, ಮಾತು ಈಗ ಅಲ್ಲಿಂದ ಬರುತ್ತದೆಂದು ಕಾದಿರುವವನಂತೆ. ಅಲ್ಲಿಂದ ಏನೂ ಬರಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು.

ಕೊನೆಗೆ ಶಾಂತಪ್ಪ ದಣಿದ. ಆಕೆ ಹೇಳದೇ ಇದ್ದ ಮಾತಿಗೆ ಹೌದೆಂದು ತಲೆಯಾಡಿಸಿ, ಕಣ್ಣುಮುಚ್ಚಿದ.