ಕೆರೆ ಏರಿಯ ಮೇಲೆ ಇಟಲಿಯವರಂತೆ

ಬಿಳಿಗೆರೆಯ ಸದಾಶಿವಯ್ಯ ತಿಪಟೂರಿನ ಕ್ಷೌರದಂಗಡಿಯಲ್ಲಿ ತನ್ನ ಸರದಿಗೆ ಕಾಯುತ್ತ ಕೂತಿದ್ದಾಗ ಹಳೆಯ ವಾರಪತ್ರಿಕೆಯೊಂದನ್ನು ಕೈಗೆತ್ತಿಕೊಂಡ. ಅದರಲ್ಲಿ ಇಟಲಿ ದೇಶದ ಬಗ್ಗೆ ಒಂದು ಪುಟ ಇತ್ತು. ಅಲ್ಲಿ ಚಳಿಗಾಲದ ಸಂಜೆ ಗಂಡ ಹೆಂಡತಿ ಒಳ್ಳೆಯ ಬಟ್ಟೆ ಹಾಕಿಕೊಂಡು ತೋಳಿಗೆ ತೋಳು ಸೇರಿಸಿ ಊರಿನ ದೊಡ್ಡ ಬೀದಿಯಲ್ಲಿ ಅಡ್ಡಾಡುತ್ತಾರಂತೆ. ಹುರಿದ ಬೀಜದ ಪೊಟ್ಟಣವೊಂದನ್ನು ಕೊಂಡು ಇಬ್ಬರೂ ಹಂಚಿಕೊಂಡು ತಿನ್ನುತ್ತಾರಂತೆ. ಗಂಡನಾದವನು ಏನಾದರೊಂದು ಸವಿಮಾತು ಹೇಳುತ್ತಾನಂತೆ. ಎಲ್ಲಿಗೆ ಹೋಗುತ್ತಾರೆ ಎಂದು ಬರೆದಿರಲಿಲ್ಲ. ಸದಾಶಿವಯ್ಯ ಪುಟ ತಿರುಗಿಸಿ ನೋಡಿದ. ಹಿಂದೆ ಕೂದಲೆಣ್ಣೆಯ ಜಾಹೀರಾತು ಇತ್ತು, ಅಷ್ಟೆ.

ಅದು ಎಪ್ಪತ್ತೊಂಬತ್ತನೇ ಇಸವಿಯ ಡಿಸೆಂಬರ್. ಸದಾಶಿವಯ್ಯನಿಗೆ ನಲವತ್ತೊಂಬತ್ತು, ಹೆಂಡತಿ ದ್ರಾಕ್ಷಾಯಣಮ್ಮನಿಗೆ ನಲವತ್ತನಾಲ್ಕು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಹೊರಗೆ ಹೋಗಿದ್ದರೆ ಅದು ಮದುವೆಗೆ, ನಾಮಕರಣಕ್ಕೆ, ಇಲ್ಲವೇ ಸತ್ತವರ ಮಣ್ಣಿಗೆ. ಸುಮ್ಮನೆ ಹೋಗುವುದು ಹೇಗೆ ಎಂದು ಅವನು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಯೋಚಿಸಿದ. ಬಸ್ಸು ಹತ್ತುವ ಮುಂಚೆ ಒಂದು ಪೊಟ್ಟಣ ಹುರಿದ ಕಡ್ಲೆಕಾಯಿ ಮಾತ್ರ ಕಟ್ಟಿಸಿಕೊಂಡಿದ್ದ.

ಮನೆಗೆ ಬಂದವನೇ ಅಡಿಗೆಮನೆ ಬಾಗಿಲಲ್ಲಿ ನಿಂತು ಹೇಳಿದ. "ಸೀರೆ ಉಟ್ಕೊ. ಹೊರಗೆ ಹೋಗಿಬರಾಣ."

ದ್ರಾಕ್ಷಾಯಣಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. "ಯಾರ್ಗೇನಾಯ್ತು?"

"ಯಾರ್ಗೂ ಏನೂ ಆಗಿಲ್ಲ."

"ನಮ್ಮಣ್ಣ ಚೆನ್ನಾಗವ್ನಾ?"

"ಚೆನ್ನಾಗವ್ನೆ ಕಣೇ. ಸುಮ್ನೆ ಹೋಗಾದು."

ಅವಳಿಗೆ ಅರ್ಥವಾಗಲಿಲ್ಲ. ಆದರೂ ಎದ್ದು ಸೀರೆ ಬದಲಿಸಿ, ಹೊರಗೆ ಹೋಗುವುದೆಂದಮೇಲೆ ಇರಲಿ ಎಂದು ಒಂದು ಕೈಚೀಲವನ್ನೂ ಹಿಡಿದುಕೊಂಡಳು. ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಶಿವರುದ್ರಮ್ಮ, "ಎಲ್ಲಿಗ್ಲಾ ಇಬ್ರೂ?" ಎಂದು ಕೇಳಿದರು. ಸದಾಶಿವಯ್ಯನಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ.

"ಕೆರೇಲಿ ನೀರು ಎಷ್ಟದೆ ನೋಡ್ಕಂಡು ಬತ್ತೀವಿ."

"ಅದ್ಕೆ ಅವಳ್ಯಾಕೆ?" ಎಂದು ಮುದುಕಿ ಕೇಳಿದ್ದು ಬೀದಿಯವರೆಗೂ ಕೇಳಿಸಿತು.

ತೆಂಗಿನ ತೋಟದ ನಡುವಿನ ದಾರಿಯಲ್ಲಿ ಅವನು ಮುಂದೆ ನಡೆದ, ಅವಳು ನಾಲ್ಕು ಹೆಜ್ಜೆ ಹಿಂದೆ. ಅವನು ನಿಧಾನ ಮಾಡಿದರೆ ಅವಳೂ ನಿಧಾನ ಮಾಡಿದಳು. ನಿಂತರೆ ಅವಳೂ ನಿಂತಳು.

"ಯಾಕೆ ನಿಂತ್ರಿ? ಮುಳ್ಳು ಚುಚ್ತಾ?"

"ಇಲ್ಲ. ಪಕ್ಕಕ್ಕೆ ಬಾ."

"ಹಿಂದೇನೇ ಬತ್ತೀನಿ ನಡೀರಿ."

"ಬಾ ಅಂದ್ರೆ ಬಾ."

ಅವಳು ಬಂದಳು. ಅಷ್ಟರಲ್ಲಿ ಎದುರಿಗೆ ಹುಲ್ಲಿನ ಗಾಡಿ ಹೊಡೆದುಕೊಂಡು ಬರುತ್ತಿದ್ದ ಹುಚ್ಚಣ್ಣ ಇಬ್ಬರನ್ನೂ ನೋಡಿ ಎತ್ತು ನಿಲ್ಲಿಸಿದ. ಅವನ ಹೊಲ ಇವರ ತೋಟದ ಮಗ್ಗುಲಿಗೇ ಇತ್ತು.

"ಯಾರು ಹೋಗ್ಬುಟ್ರು ಸದಾಶಿವಣ್ಣ?"

"ಯಾರೂ ಇಲ್ಲ ಕಣಪ್ಪ. ಸುಮ್ನೆ."

ಹುಚ್ಚಣ್ಣ ಅವನ ಮುಖ ನೋಡಿದ, ಅವಳ ಕೈಚೀಲ ನೋಡಿದ, ಗಾಡಿ ಹೊಡೆದ. ಸ್ವಲ್ಪ ದೂರ ಹೋದಮೇಲೂ ತಿರುಗಿ ತಿರುಗಿ ನೋಡುತ್ತಲೇ ಇದ್ದ.

ಏರಿ ಹತ್ತುವಾಗ ಮುಚ್ಚಂಜೆಯಾಗಿತ್ತು. ನೀರಿನ ಮೇಲಿಂದ ಚಳಿಗಾಳಿ ಬೀಸುತ್ತಿತ್ತು. ದ್ರಾಕ್ಷಾಯಣಮ್ಮ ಅವನ ಮಗ್ಗುಲಿಗೆ ಇನ್ನೂ ಒತ್ತಿಕೊಂಡು ಬಂದಳು. ಭುಜಕ್ಕೆ ಭುಜ ತಗುಲಿತು. ಮತ್ತೆರಡು ಹೆಜ್ಜೆ ಹೋದಮೇಲೆ ಅವಳೇ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸದಾಶಿವಯ್ಯ ಅವಳ ಕಡೆ ತಿರುಗಿ ನೋಡಿದ. ಈ ಇಟಲಿ ಸಮಾಚಾರ ಇವಳಿಗೆ ಯಾರು ಹೇಳಿದರು? ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು. ಅವನು ಒಂದು ಸವಿಮಾತು ಹುಡುಕಿದ. ತುಂಬ ಹೊತ್ತು ಹುಡುಕಿದಮೇಲೆ ಬಾಯಿಗೆ ಬಂದದ್ದು, "ಈ ಸಲ ಅಟ್ಟದ ಮೇಲಿರೋ ಕೊಬ್ರಿ ಚೆನ್ನಾಗಿ ಒಣಗ್ಯದೆ."

"ಹ್ಞೂಂ," ಎಂದಳು.

ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿ ಹಿಡಿದ. "ತಿನ್ನು." ಅವಳ ಕೈ ಪೊಟ್ಟಣದಿಂದ ಒಂದು ಗೇಣು ಆಚೆಗೆ ಬರಿಯ ಗಾಳಿಯಲ್ಲಿ ತಡಕಾಡಿತು. ತನ್ನೊಂದಿಗೆ ಆಟವಾಡುತ್ತಿದ್ದಾಳೆ ಎಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಒಂದು ಹೆಜ್ಜೆ ಇಟ್ಟಳು. ದಾರಿಯಲ್ಲಿ ಮೊಳದೆತ್ತರದ ಕಲ್ಲೊಂದು ಎದ್ದು ನಿಂತಿತ್ತು. ಅದಕ್ಕೆ ಎಡವಿ ಮಂಡಿಯೂರಿ ಬಿದ್ದಳು. ಅವಳು ಹಿಡಿದಿದ್ದ ತೋಳು ಜಗ್ಗಿ ಅವನ ಕೈಯ ಕಡ್ಲೆಕಾಯಿ ಏರಿಯ ತುಂಬ ಚೆಲ್ಲಿತು.

"ಅಷ್ಟು ದೊಡ್ಡ ಕಲ್ಲು ಕಾಣ್ಲಿಲ್ವೇನೇ?"

ಅವಳು ಕೂತಲ್ಲೇ ಮಂಡಿ ಉಜ್ಜಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

"ಸಂಜೆ ಹೊತ್ತು ಏನೂ ಕಾಣಲ್ಲ. ಎರಡು ವರ್ಷ ಆಯ್ತು. ಹಗಲೂ ಮಂಜು ಮಂಜು."

"ಮನೇಲಿ ಎಲ್ಲಾ ಕೆಲ್ಸ ಮಾಡ್ತೀಯಲ್ಲ?"

"ಮನೆ ಕೈಗೇ ಗೊತ್ತು. ದಾರೀಲಾದ್ರೆ ನಿಮ್ಮ ಪಂಚೆ ಬೆಳ್ಳಗೆ ಕಾಣ್ತದೆ, ಅದ್ನೇ ನೋಡ್ಕಂಡು ಹಿಂದೆ ಬತ್ತಿದ್ದೆ. ಪಕ್ಕದಲ್ಲಿ ಬಾ ಅಂದ್ರಿ. ಪಕ್ಕದಲ್ಲಿ ಬಂದ್ರೆ ಮುಂದೆ ಏನೈತೆ ನಂಗೆ?"

ಎರಡು ವರ್ಷದಿಂದ ಸದಾಶಿವಯ್ಯನ ಪಂಚೆಯ ಬಿಳುಪನ್ನೇ ನೋಡಿಕೊಂಡು ನಡೆದವಳನ್ನು ಇವತ್ತು ಅವನೇ ಪಕ್ಕಕ್ಕೆ ಕರೆದು ಬೀಳಿಸಿದ್ದ. ಕರೆಯದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಾಚಿಕೆಪಡಬೇಕೋ ಸಮಾಧಾನಪಡಬೇಕೋ ತಿಳಿಯದೆ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳುದ್ರೆ ಒಲೆ ಮುಂದೆ ಹೋಗ್ಬೇಡ, ಬಾವಿ ತಾವ ಹೋಗ್ಬೇಡ ಅಂತೀರಿ. ಆಮೇಲೆ ನಾನು ಮೂಲೇಲಿ ಕೂತು ಏನ್ಮಾಡ್ಲಿ?"

ಬರುವಾಗ ಅವನು ಅವಳ ಕೈ ಹಿಡಿದುಕೊಂಡೇ ಬಂದ. ಊರ ಬಾಗಿಲಲ್ಲಿ ಜನ ನೋಡಿದರು. ಬಿಡಲಿಲ್ಲ.

ಬೆಳಿಗ್ಗೆ ಎದುರುಮನೆಯ ಪುಟ್ಟಗೌರಮ್ಮ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಶಿವರುದ್ರಮ್ಮನ ಕಿವಿಯಲ್ಲಿ ಏನೋ ಹೇಳಿ ಹೋದಳು. ಮುದುಕಿ ಎದ್ದು ಬಂದು ಸೊಸೆಯ ಮುಂದೆ ಕೂತರು. ಕಣ್ಣಲ್ಲಿ ನೀರಿತ್ತು.

"ನಾನೇನಾರ ಅಂದ್ನೇನವ್ವ? ಕೆರೆಗೆ ಬೀಳಕ್ಕೆ ಹೋಗಿದ್ಯಂತೆ. ಇವ್ನು ಎಳ್ಕಂಡು ಬಂದ್ನಂತೆ. ಹುಚ್ಚಣ್ಣ ನೋಡವ್ನೆ."

"ಇಲ್ಲ ಕಣತ್ತೆ. ಸುಮ್ನೆ ಹೋಗಿದ್ವಿ."

"ಸುಮ್ನೆ ಯಾರಾದ್ರೂ ಕೆರೆಗೆ ಹೋಗ್ತಾರಾ?"

ಸದಾಶಿವಯ್ಯ ಇಟಲಿಯ ವಿಷಯ ಹೇಳಲು ಬಾಯಿ ತೆರೆದ. ತಾಯಿಯ ಮುಖ ನೋಡಿ ಮುಚ್ಚಿದ. ಕೊನೆಗೆ, "ಇವಳ ಕಣ್ಣು ಕಾಣಲ್ವಂತೆ ಕಣವ್ವ," ಎಂದ. ಶಿವರುದ್ರಮ್ಮ ಅದನ್ನೂ ನಂಬಲಿಲ್ಲ. ನಿನ್ನೆ ಸುಲಿದಿಟ್ಟ ಅವರೆಕಾಳಿನ ಬುಟ್ಟಿ ತಂದು ಮುಂದಿಟ್ಟರು. ಒಂದೂ ಹುಳುಕು ಕಾಳಿರಲಿಲ್ಲ. ಕಣ್ಣು ಕಾಣದವಳು ಹೀಗೆ ಆರಿಸುತ್ತಾಳೆಯೇ? ದ್ರಾಕ್ಷಾಯಣಮ್ಮ ಕಣ್ಣು ಮುಚ್ಚಿಕೊಂಡು ಬುಟ್ಟಿಗೆ ಕೈಯಿಟ್ಟು, ಒಂದು ಕಾಳನ್ನು ಬೆರಳಲ್ಲಿ ಉರುಳಿಸಿ ತೋರಿಸಿದಳು. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸಂಕ್ರಾಂತಿ ಕಳೆದಮೇಲೆ ತಿಪಟೂರಿನ ಒಂದು ಛತ್ರದಲ್ಲಿ ಕಣ್ಣಿನ ಶಿಬಿರ ನಡೆಯಿತು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದ ಡಾಕ್ಟರು ಮೊದಲು ಬಲಗಣ್ಣಿನ ಪೊರೆ ತೆಗೆದರು. ಎಂಟು ದಿನ ಸದಾಶಿವಯ್ಯ ಅಲ್ಲೇ ಚಾಪೆ ಹಾಸಿಕೊಂಡಿದ್ದು ಅವಳಿಗೆ ಗಂಜಿ ಕುಡಿಸಿದ. ಪಕ್ಕದ ಹಾಸಿಗೆಯ ಹೆಂಗಸು, "ನಿಮ್ಮೆಜಮಾನ್ರು ಪುಣ್ಯಾತ್ಮರು," ಎಂದರೆ ದ್ರಾಕ್ಷಾಯಣಮ್ಮ, "ಈಗೀಗ ಹಿಂಗಾಗವ್ರೆ. ಯಾಕೋ ಗೊತ್ತಿಲ್ಲ," ಎಂದಳು.

ಪಟ್ಟಿ ಬಿಚ್ಚಿ ದಪ್ಪ ಕನ್ನಡಕ ಹಾಕಿದರು. ನಾಲ್ಕು ದಿನ ಎಲ್ಲವೂ ದೊಡ್ಡದಾಗಿ, ಹತ್ತಿರ ಬಂದಹಾಗೆ ಕಾಣುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಬಿಳಿಗೆರೆಯಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಮೂರು ಗಂಟೆ. ಮನೆಯ ದಾರಿಗೆ ಅಡ್ಡಲಾಗಿ ತೆಂಗಿನ ಮರಗಳ ನೆರಳು ಬಿದ್ದಿತ್ತು. ಈ ಸಲ ಅವಳು ಮುಂದೆ ಹೋದಳು. ಹತ್ತು ಹೆಜ್ಜೆ ಹೋಗಿ ನಿಂತು, ಸೀರೆ ಎತ್ತಿ ಹಿಡಿದು, ಮೊಣಕಾಲೆತ್ತರ ಕಾಲೆತ್ತಿ ಒಂದು ನೆರಳನ್ನು ದಾಟಿದಳು. ಮುಂದಿನದನ್ನೂ ಹಾಗೇ ದಾಟಿದಳು.

"ನೆರಳು ಕಣೇ ಅದು. ಮರ ಅಲ್ಲ."

"ಗೊತ್ತು," ಎಂದಳು ದ್ರಾಕ್ಷಾಯಣಮ್ಮ ಮೂರನೆಯದರ ಮುಂದೆ ನಿಂತು. "ನಂಗೊತ್ತು. ಕಾಲಿಗೆ ಗೊತ್ತಿಲ್ಲ."

ಹತ್ತು ನಿಮಿಷದ ದಾರಿಯಲ್ಲಿ ಮನೆ ಮುಟ್ಟಲು ಅವರಿಗೆ ಮುಕ್ಕಾಲು ಗಂಟೆ ಹಿಡಿಯಿತು.