ಹಣೆಯೊಳಗೆ

ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಹತ್ತಿ ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುವುದು ಅವನ ಕಸುಬು. ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು, ಒಂದೊಂದಾಗಿ ತೆಗೆದು ಹೊಡೆಯುತ್ತಿದ್ದುದರಿಂದ ಕೆಲಸದ ಹೊತ್ತಿನಲ್ಲಿ ಅವನ ಬಾಯಿಂದ ಮಾತೇ ಬರುತ್ತಿರಲಿಲ್ಲ. ಯಾರು ಏನೆಂದರೂ ಮೂಗಿನಲ್ಲೇ ನಗುತ್ತಿದ್ದ. ಮೈ ದುಂಡಗೆ, ಸ್ವಭಾವ ಮೆತ್ತಗೆ. ಬೀದಿಯವರೆಲ್ಲ ಅವನನ್ನು ದಿಂಬು ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವನ ಹೆಂಡತಿಯ ತಮ್ಮ, ಸಿಟಿ ಬಸ್ಸಿನ ಡ್ರೈವರು.

"ನಮ್ಮ ಭಾವನ ಮೇಲೆ ಯಾರು ಬೇಕಾದ್ರೂ ಕೂತು ಎದ್ದು ಹೋಗಬಹುದು. ಒಂಚೂರು ತಗ್ಗತಾರೆ, ಆಮೇಲೆ ಮತ್ತೆ ಮೊದಲಿನ ಹಾಗೇ" ಎಂದು ಡ್ರೈವರು ಹೇಳಿದರೆ, ದಿಂಬುವೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಕಿಟಕಿಯ ಪಕ್ಕದಲ್ಲಿ ಅವನ ಹೆಂಡತಿಯ ಹೊಲಿಗೆ ಮಿಷನ್. ಸೋಫಾದ ಕವರುಗಳನ್ನೆಲ್ಲ ಹೊಲಿಯುವವಳು ಅವಳೇ. ದಿಂಬುವಿನ ತಾಯಿ, ಹಲ್ಲಿಲ್ಲದ ಮುದುಕಿ, ರಿಪೇರಿಗೆ ಬಂದ ಯಾವುದಾದರೂ ಕುರ್ಚಿಯಲ್ಲಿ ಕೂತು ಹಳೆಯ ಹತ್ತಿಯನ್ನು ಬಿಡಿಸುತ್ತಿದ್ದಳು. ಮಕ್ಕಳಿರಲಿಲ್ಲ. ಅದೊಂದು ಕೊರಗು ಬಿಟ್ಟರೆ ಮನೆಯಲ್ಲಿ ಜಗಳವೆಂಬುದು ಇರಲಿಲ್ಲ.

ಬದಲಾವಣೆ ಯಾವಾಗ ಶುರುವಾಯಿತೆಂದು ಹೆಂಡತಿಗೆ ಆಮೇಲೆಯೂ ಹೇಳಲಾಗಲಿಲ್ಲ. ಮೊದಲು ಮೂಗಿನ ನಗು ನಿಂತಿತು. ಊಟಕ್ಕೆ ಕರೆದರೆ ಅವಳ ಮುಖವನ್ನು ಗುರುತು ಸಿಗದವರ ಮುಖದಂತೆ ದಿಟ್ಟಿಸುತ್ತಿದ್ದ. ಒಂದು ದಿನ, ಹೊದಿಸಿ ಮುಗಿಸಿದ್ದ ಸೋಫಾವೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಒಳಗಿನ ಹತ್ತಿಯನ್ನೆಲ್ಲ ಈಚೆ ಎಳೆದು ಹಾಕಿದ. ಏಕೆಂದು ಕೇಳಿದ್ದಕ್ಕೆ "ನೋಡೋಣ ಅನ್ನಿಸ್ತು" ಎಂದ. ಕೆಲಸ ಹೆಚ್ಚಾಗಿ ತಲೆ ಕೆಟ್ಟಿದೆ ಎಂದುಕೊಂಡು ಅವಳು ಸುಮ್ಮನಾದಳು.

ಒಂದು ಭಾನುವಾರ ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ. ಊಟ ಮುಗಿಸಿ ಎಲ್ಲರೂ ಅಂಗಡಿಗೆ ಇಳಿದು ಬಂದು ಕೂತಿದ್ದರು. ಡ್ರೈವರು ಕೆಲಸದ ಮೇಜಿನ ಮೇಲೆ ಕೈಯೂರಿಕೊಂಡು ಏನೋ ತಮಾಷೆ ಮಾಡಿದ. ದೊಡ್ಡ ಮಾತೇನಲ್ಲ, ದಿಂಬುವಿನ ಹೊಟ್ಟೆಯ ಬಗ್ಗೆ. ದಿಂಬು ಸುತ್ತಿಗೆ ತೆಗೆದುಕೊಂಡ. ಅವಸರವೇನೂ ಇರಲಿಲ್ಲ. ಮೊಳೆ ಹೊಡೆಯುವವನ ಹಾಗೆ ಗುರಿ ನೋಡಿ ಎತ್ತಿ, ತಮ್ಮನ ಬಲಗೈಯ ಮೇಲೆ ಹೊಡೆದ. ಆಮೇಲೆ ಇನ್ನೊಂದು ಸಲ ಹೊಡೆದ.

ಪೊಲೀಸರು ಬಂದು ಕರೆದುಕೊಂಡು ಹೋದರು. ಠಾಣೆಯಲ್ಲಿ ಅವನಿಗೆ ಫಿಟ್ಸ್ ಬಂತು. ಆಸ್ಪತ್ರೆಗೆ ಸೇರಿಸಿ ತಲೆಯ ಸ್ಕ್ಯಾನ್ ಮಾಡಿದರೆ, ಹಣೆಯ ಮೂಳೆಯ ಹಿಂದೆ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ.

ಡಾಕ್ಟರಮ್ಮ ಹೆಂಡತಿಯನ್ನು ಕೂರಿಸಿಕೊಂಡು ಚಿತ್ರ ತೋರಿಸಿದರು. "ಮನುಷ್ಯನಿಗೆ ಬ್ರೇಕ್ ಇರೋದು ಇಲ್ಲೇ ಅಂತ ತಿಳ್ಕೊಳ್ಳಿ. ಈ ಗಡ್ಡೆ ಅದನ್ನ ಒತ್ತಿ ಹಿಡಿದಿದೆ. ಏನನ್ನಿಸುತ್ತೋ ಅದನ್ನ ತಡೆಯೋಕೆ ಅವರ ಕೈಲಿ ಆಗ್ತಿರಲಿಲ್ಲ."

ಅವಳು ಅಳತೊಡಗಿದಳು. ಡಾಕ್ಟರಮ್ಮ ಅದನ್ನು ದುಃಖವೆಂದುಕೊಂಡು ಸಮಾಧಾನ ಹೇಳಿದರು. ಅದು ದುಃಖವಾಗಿರಲಿಲ್ಲ. ಅವಳ ಗಂಡ ಕೆಟ್ಟವನಾಗಿರಲಿಲ್ಲ, ಅಷ್ಟೇ ಸಾಕಾಗಿತ್ತು ಅವಳಿಗೆ.

ಆಪರೇಷನ್ ಆಯಿತು. ಗಡ್ಡೆ ಹೋಯಿತು. ಹಣೆಯ ಅಡ್ಡಕ್ಕೆ ಹೊಲಿಗೆಯ ಗುರುತು ಹೊತ್ತು ದಿಂಬು ಮನೆಗೆ ಬಂದ. ಬಂದವನು ಹಳೆಯ ದಿಂಬುವೇ. ತಾಯಿ ಅವನ ಹಣೆ ಸವರಿ, "ಎಲ್ಲಾ ಹಣೇಲಿ ಬರೆದದ್ದು ಮಗಾ" ಎಂದಳು.

"ಬರೆದದ್ದನ್ನ ಅಳಿಸಿ ಕಳಿಸಿದಾರೆ ಅಮ್ಮಾ" ಎಂದು ಅವನು ಮೂಗಿನಲ್ಲಿ ನಕ್ಕ.

ಅಕ್ಕನ ಮುಖ ನೋಡಿ ತಮ್ಮ ದೂರು ಹಿಂತೆಗೆದುಕೊಂಡಿದ್ದ. ಅವನ ಎರಡು ಬೆರಳು ಮಡಚುತ್ತಿರಲಿಲ್ಲ. ಸ್ಟೇರಿಂಗ್ ಹಿಡಿಯಲಾಗದ ಕಾರಣ ಅವನಿಗೆ ಡಿಪೋದಲ್ಲಿ ಕಂಡಕ್ಟರುಗಳಿಗೆ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರುವ ಕೆಲಸ ಕೊಟ್ಟಿದ್ದರು. ಆದರೂ ಎಲ್ಲರಿಗೂ ಅವನು ಡ್ರೈವರೇ. ಭಾವನನ್ನು ನೋಡಲು ಅವನು ಬಂದಾಗ ದಿಂಬು ಎದ್ದು ನಿಂತ.

"ಅದು ನಾನಲ್ಲಪ್ಪ. ಗಡ್ಡೆ ಮಾಡಿದ್ದು. ನಿನ್ನ ಕಾಲು ಹಿಡ್ಕೊಳ್ಳಲಾ ಹೇಳು, ಹಿಡ್ಕೋತೀನಿ. ಆದ್ರೆ ನಾನು ಮಾಡಿದ್ದಲ್ಲ."

"ಇರಲಿ ಬಿಡಿ ಭಾವ" ಎಂದ ತಮ್ಮ. ಆದರೆ ಹೊರಡುವಾಗ ಅಕ್ಕನನ್ನು ಬೀದಿಯ ತಿರುವಿನವರೆಗೆ ಕರೆದುಕೊಂಡು ಹೋದ.

"ಅಕ್ಕಾ, ನಾನು ವರ್ಷಗಟ್ಟಲೆ ಬಸ್ ಓಡಿಸಿದವನು. ಬ್ರೇಕ್ ಫೇಲ್ ಆಯ್ತು ಅಂತಾನೇ ಇಟ್ಕೊಳ್ಳೋಣ. ಆಕ್ಸಿಲರೇಟರ್ ಒತ್ತಿದ್ದು ಯಾರು?"

"ಹಂಗಂದ್ರೆ?"

"ಬ್ರೇಕ್ ಇಲ್ದಿದ್ರೆ ಬಸ್ಸು ನಿಲ್ಲಲ್ಲ, ಸರಿ. ಆದ್ರೆ ನಿಂತಿರೋ ಬಸ್ಸು ತಾನಾಗೇ ಜನರ ಮೇಲೆ ಹೋಗಲ್ಲ. ನನ್ನ ಕೈ ಪುಡಿ ಮಾಡ್ಬೇಕು ಅನ್ನೋ ಆಸೆ ಗಡ್ಡೆದ್ದಾ, ಭಾವಂದಾ?"

"ಹೋಗೋ, ನಿನ್ನ ತಲೆ! ಜ್ವರ ಬಂದಾಗ ನೀನು ಬಡಬಡಿಸಿದ್ದೆಲ್ಲ ನಿನ್ನ ಮನಸ್ಸಲ್ಲಿ ಇದ್ದಿದ್ದೇನು?"

"ಇದ್ದಿದ್ರೂ ಇರಬಹುದು" ಎಂದ ತಮ್ಮ. "ಯಾರಿಗ್ಗೊತ್ತು?"

ಅವಳು ಕೋಪ ಮಾಡಿಕೊಂಡು ಹಿಂತಿರುಗಿದಳು. ಆದರೆ ಆ ಪ್ರಶ್ನೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಅವಳ ಜೊತೆಗೇ ಮನೆಗೆ ಬಂತು.

ಒಂದು ವರ್ಷ ಸುಖವಾಗಿಯೇ ಕಳೆಯಿತು. ತಮ್ಮ ಬಂದಾಗಲೆಲ್ಲ ದಿಂಬು ಅವನಿಗೆ ತಾನೇ ಕುರ್ಚಿ ಎಳೆದು ಹಾಕುತ್ತಿದ್ದ. ಆದರೆ ಒಮ್ಮೆ, ಎಡಗೈಯಲ್ಲಿ ಲೋಟ ಹಿಡಿದು ತಮ್ಮ ಮಾತಾಡುತ್ತಿದ್ದಾಗ, ದಿಂಬು ಮೇಜಿನ ಮೇಲಿದ್ದ ಅವನ ಬಲಗೈಯ ಸೆಟೆದ ಬೆರಳುಗಳನ್ನೇ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಆ ನೋಟದಲ್ಲಿ ಪಶ್ಚಾತ್ತಾಪವಿರಲಿಲ್ಲ. ತಾನು ಹೊದಿಸಿ ಮುಗಿಸಿದ ಸೋಫಾವನ್ನು ಎರಡು ಹೆಜ್ಜೆ ಹಿಂದೆ ಸರಿದು ನೋಡುವಾಗ ಅವನ ಮುಖದಲ್ಲಿರುತ್ತಿದ್ದ ತೃಪ್ತಿ ಅಲ್ಲಿತ್ತು. ಅವಳು ಮಿಷನ್ನಿನ ಕಡೆ ತಿರುಗಿಕೊಂಡಳು. ನೋಡಲಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ಅತ್ತೆಯ ಸೆರಗು ತಾಗಿ ಮೊಳೆಯ ಡಬ್ಬಿ ಕೆಳಗೆ ಬಿತ್ತು. ನೆಲದ ತುಂಬ ಮೊಳೆ. ಮುದುಕಿ "ಅಯ್ಯೋ" ಎಂದು ಬಗ್ಗಿ ಆರಿಸತೊಡಗಿದಳು. ದಿಂಬು ಪಕ್ಕಕ್ಕೆ ಬಂದು ನಿಂತ. ಸಹಾಯ ಮಾಡುತ್ತಾನೆಂದುಕೊಂಡು ಸೊಸೆ ಹೊಲಿಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಮುದುಕಿಯ ದನಿ ಕೇಳಿಸಿತು, ತೀರಾ ಸಣ್ಣದಾಗಿ: "ಮಗಾ... ಕಾಲು ತೆಗಿಯೋ."

ಅವನು ಬೂಟುಕಾಲನ್ನು ತಾಯಿಯ ಕೈ ಮೇಲೆ ಇಟ್ಟಿದ್ದ. ಅಂಗೈಯ ಕೆಳಗೆ ಮೊಳೆಗಳಿದ್ದವು. ಪೂರ್ತಿ ಭಾರ ಬಿಟ್ಟಿರಲಿಲ್ಲ. ಎಷ್ಟು ಒತ್ತಿದರೆ ಏನಾಗುತ್ತದೆಂದು ಅಳೆಯುವವನ ಹಾಗೆ, ಸ್ವಲ್ಪ ಸ್ವಲ್ಪವೇ ಒತ್ತುತ್ತಿದ್ದ.

"ರೀ!" ಎಂದು ಅವಳು ಕಿರುಚಿದಳು.

ಅವನು ಕಾಲು ತೆಗೆದ. ಮುಖ ಶಾಂತವಾಗಿತ್ತು. ತಾಯಿಯ ಅಂಗೈಯಲ್ಲಿ ರಕ್ತದ ಚುಕ್ಕೆಗಳು ಮೂಡುವುದನ್ನು ನೋಡಿದ. ಆಮೇಲೆ ಹಣೆ ಮುಟ್ಟಿಕೊಂಡು, ಬಹಳ ದಿನದಿಂದ ಕಾಯುತ್ತಿದ್ದ ನೆಂಟರು ಬಂದರೆಂಬಂತೆ, "ಗಡ್ಡೆ ಮತ್ತೆ ಬಂದಿದೆ ಕಣೇ. ಆಸ್ಪತ್ರೆಗೆ ಹೋಗೋಣ ನಡಿ" ಎಂದ.

ಆಸ್ಪತ್ರೆಯ ಹಸಿರು ಬೆಂಚಿನ ಮೇಲೆ ಕೂತು ಅವಳು, ಗಡ್ಡೆ ಸಿಗಲಿ ಎಂದು ಬೇಡಿಕೊಂಡಳು. ಗಂಡನ ತಲೆಯಲ್ಲಿ ರೋಗವಿರಲಿ ಎಂದು ಯಾವ ಹೆಂಡತಿಯಾದರೂ ಬೇಡಿಕೊಳ್ಳುತ್ತಾಳೆಯೇ ಎಂದು ಅನ್ನಿಸಿತು. ಆದರೂ ಬೇಡಿಕೊಂಡಳು.

ಡಾಕ್ಟರಮ್ಮ ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸಂತೋಷದ ವಿಷಯ. ಏನೂ ಇಲ್ಲ. ಕ್ಲೀನಾಗಿದೆ."

"ಸರಿಯಾಗಿ ನೋಡಿ" ಎಂದ ದಿಂಬು.

"ನೋಡಿದೀನಿ."

"ಇನ್ನೊಂದ್ಸಲ ನೋಡಿ. ಇರಲೇಬೇಕು."

ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಡಾಕ್ಟರಮ್ಮನ ಮುಖ ಬದಲಾಯಿತು. ಚಿತ್ರವನ್ನು ಮೇಜಿನ ಮೇಲಿಟ್ಟರು. "ಕಾಣೋ ಅಂಥದ್ದು ಏನೂ ಇಲ್ಲ. ಕಾಣದೇ ಇರೋದು ಏನೂ ಇಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ. ಮನಸ್ಸಿನ ಡಾಕ್ಟರ್ ಒಬ್ಬರಿದಾರೆ, ಅವರಿಗೆ ಬರೆದು ಕೊಡ್ತೀನಿ. ಅಲ್ಲೀವರೆಗೂ ವಯಸ್ಸಾದವರನ್ನ ಬೇರೆ ಕಡೆ ಇರಿಸಿ."

"ಹಾಗಾದ್ರೆ ಇದು ನಾನಾ?" ಎಂದು ದಿಂಬು ಕೇಳಿದ.

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. ಮನಸ್ಸಿನ ಡಾಕ್ಟರಿಗೆ ಚೀಟಿ ಬರೆಯತೊಡಗಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಜನ ಕಡಿಮೆ. ಅವನು ಕಿಟಕಿಯ ಪಕ್ಕ ಕೂತಿದ್ದ. ಹೊರಗೆ ನೋಡುತ್ತಲೇ ಮಾತಾಡಿದ.

"ಅವತ್ತು ಸುತ್ತಿಗೆ ಎತ್ತಿದಾಗ ಮೇಲೆ ಒಂದು ಗಳಿಗೆ ನಿಂತಿತ್ತು ಕಣೇ. ಇಳಿಸಬಹುದು ಅಂತ ನನಗೆ ಗೊತ್ತಿತ್ತು. ಪಕ್ಕಕ್ಕೆ ಇಡಬಹುದು, ನಕ್ಕು ಬಿಡಬಹುದು. ಎಲ್ಲಾ ಗೊತ್ತಿತ್ತು. ಹೊಡೆದೆ. ಹೊಡೆದಾಗ ಹಾಯೆನ್ನಿಸ್ತು. ಅದಕ್ಕೇ ಎರಡನೇ ಸಲ ಹೊಡೆದೆ."

ಅವಳು ಅವನ ಕಡೆ ತಿರುಗಿದಳು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಗಡ್ಡೆ ಅಂದ್ರಲ್ಲ. ನಾನೂ ನಂಬಿದೆ. ಇಲ್ಲಾ, ಅವತ್ತು ಏನೂ ಗೊತ್ತಿರಲಿಲ್ಲವೋ ಏನೋ, ಈಗ ಗೊತ್ತಿತ್ತು ಅನ್ನಿಸ್ತಿದೆಯೋ ಏನೋ. ಹೇಗೆ ಹೇಳಲಿ? ಒಳಗೆ ನೋಡ್ಕೊಳ್ಳೋಕೆ ನನ್ನ ಹತ್ರ ಇರೋದೂ ಅದೇ ತಲೆ."

ಕಿಟಕಿಯ ಸರಳು ಹಿಡಿದುಕೊಂಡು, "ನಿನ್ನ ತಮ್ಮ ನಂಗೆ ದಿಂಬು ಅಂತ ಹೆಸರಿಟ್ನಲ್ಲ, ನಾನು ಒಂದಿನಾನೂ ಬೇಡ ಅನ್ನಲಿಲ್ಲ. ನಕ್ಕೆ. ಅದು ಒಳ್ಳೇತನ ಅಂದ್ಕೊಂಡಿದ್ದೆ" ಎಂದ.

ಸಂಜೆಯೇ ಅವಳು ಅತ್ತೆಯನ್ನು ಕರೆದುಕೊಂಡು ತಮ್ಮನ ಮನೆಗೆ ಹೊರಟಳು. ದಿಂಬು ಬೇಡವೆನ್ನಲಿಲ್ಲ. ಚೀಲವನ್ನು ತಾನೇ ಎತ್ತಿ ಆಟೋದಲ್ಲಿಟ್ಟ. ಅವನು ತಾಯಿಯ ಹತ್ತಿರ ಬಂದಾಗ ಸೊಸೆ ನಡುವೆ ನಿಂತಳು. ಅವನು ತಲೆಯಾಡಿಸಿ ಹಿಂದೆ ಸರಿದ.

"ಏನಂದ್ರು ಡಾಕ್ಟ್ರು?" ಎಂದು ತಮ್ಮ ಬಾಗಿಲಲ್ಲೇ ಕೇಳಿದ.

"ಏನೂ ಇಲ್ವಂತೆ. ಕ್ಲೀನಾಗಿದೆಯಂತೆ." ಅವಳು ಅವನ ಮುಖ ನೋಡಿದಳು. "ನೀನು ಹೇಳಿದ್ದೇ ಸರಿಯಾಯ್ತು. ಖುಷಿ ಪಡು."

ತಮ್ಮ ಖುಷಿ ಪಡಲಿಲ್ಲ. ಮುದುಕಿಯ ಅಂಗೈಯ ಪಟ್ಟಿ ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಕೆಟ್ಟ ಕೈಯನ್ನು ಒಳ್ಳೆಯ ಕೈಯಲ್ಲಿ ಮುಚ್ಚಿಕೊಂಡ. "ಗಡ್ಡೆ ಇದ್ದಿದ್ರೇ ಚೆನ್ನಾಗಿತ್ತು ಕಣಕ್ಕಾ" ಎಂದ. "ನಾನು ವಾದಕ್ಕೆ ಹಂಗಂದೆ. ಒಳಗೊಳಗೇ ಗಡ್ಡೆ ಅಂತಾನೇ ನಂಬ್ಕೊಂಡಿದ್ದೆ. ಇಲ್ದಿದ್ರೆ ಪ್ರತಿ ಭಾನುವಾರ ಅವರೆದುರಿಗೆ ಹೆಂಗೆ ಕೂತ್ಕೋತಿದ್ದೆ?"

ದಿಂಬು ಮನಸ್ಸಿನ ಡಾಕ್ಟರ ಹತ್ತಿರ ಹೋದ. ಅವರು ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ಅವನು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಆದರೆ ಮುದುಕಿಗೆ ಸೊಸೆಯ ತಮ್ಮನ ಮನೆ ಒಗ್ಗಲಿಲ್ಲ. ಊಟ ಬಿಟ್ಟಳು, ಗೋಡೆ ನೋಡುತ್ತಾ ಕೂತಳು. ಒಂದು ಬೆಳಿಗ್ಗೆ ಮಗ ಬಂದು ಬಾಗಿಲಾಚೆ ನಿಂತು, "ಅಮ್ಮನ್ನ ನೋಡ್ಬೇಕು" ಎಂದ.

"ಹೇಗಿದೀರಾ?" ಎಂದು ಹೆಂಡತಿ ಕೇಳಿದಳು. ಬಾಗಿಲನ್ನು ಪೂರ್ತಿ ತೆರೆದಿರಲಿಲ್ಲ.

"ಇವತ್ತು ಚೆನ್ನಾಗಿದೀನಿ."

ಅಷ್ಟರಲ್ಲಿ ಮುದುಕಿ ಒಳಗಿನಿಂದ ಚೀಲ ಹಿಡಿದುಕೊಂಡೇ ಬಂದಳು. ಸೊಸೆ ತಡೆದರೆ ಅವಳ ಕೈ ಸರಿಸಿದಳು. "ಗಡ್ಡೆ ಇದ್ರೂ ನನ್ನ ಮಗ, ಇಲ್ದಿದ್ರೂ ನನ್ನ ಮಗ. ಒಳ್ಳೇವನಾಗಿದ್ದಾಗ ನನ್ನ ಮಗ ಅಂತ ಹೇಳ್ಕೊಂಡು ಓಡಾಡಿದೆ. ಈಗ ಯಾರ ಮಗ ಅಂತ ಹೇಳಲಿ?"

"ಅತ್ತೆ, ನಿಮ್ಮ ಕೈ ಇನ್ನೂ ವಾಸಿಯಾಗಿಲ್ಲ."

"ನಂಗೆ ಗೊತ್ತಿದ್ದೇ ಹೋಗ್ತಿದೀನಿ ಕಣಮ್ಮ."

ಅವರಿಬ್ಬರೂ ಬೀದಿ ದಾಟಿ ನಿಧಾನಕ್ಕೆ ಹೋಗುವುದನ್ನು ಅವಳು ಕಿಟಕಿಯಿಂದ ನೋಡಿದಳು. ದಿಂಬು ತಾಯಿಯ ಮೊಣಕೈ ಹಿಡಿದಿದ್ದ. ಮೆಲ್ಲಗೆ ಹಿಡಿದಿದ್ದಾನೋ, ಬಿಗಿಯಾಗಿ ಹಿಡಿದಿದ್ದಾನೋ ಅಷ್ಟು ದೂರದಿಂದ ತಿಳಿಯಲಿಲ್ಲ.

ಆ ದಿನವೆಲ್ಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಅಂಗಡಿಗೆ ಹೋದಳು. ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ, ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ಎದೆ ಏರಿಳಿಯುವುದು ಕಾಣುವವರೆಗೂ ಸೊಸೆ ಉಸಿರು ಬಿಡಲಿಲ್ಲ.

ದಿಂಬು ಮೇಜಿನ ಆಚೆ ಬದಿಯಲ್ಲಿ ಸ್ಪ್ರಿಂಗ್ ಕಟ್ಟುತ್ತಿದ್ದ. ತಲೆ ಎತ್ತದೆ, "ಏನು ನೋಡೋಕೆ ಬಂದೆ ಅಂತ ಗೊತ್ತು" ಎಂದ. "ನಾನೂ ಎದ್ದ ತಕ್ಷಣ ಅದನ್ನೇ ನೋಡ್ದೆ."

ಅವಳು ವಾಪಸ್ ಹೋಗಬಹುದಿತ್ತು. ಅತ್ತೆಯನ್ನು ಒತ್ತಾಯದಿಂದ ಕರೆದುಕೊಂಡು ಹೋಗಬಹುದಿತ್ತು. ಏಕೆ ಹೋಗಲಿಲ್ಲವೆಂದು ಮುಂದೆ ತಮ್ಮ ಎಷ್ಟು ಸಲ ಕೇಳಿದರೂ ಅವಳಿಗೆ ಹೇಳಲು ಬರಲಿಲ್ಲ. ಕಿಟಕಿಯ ಪಕ್ಕದ ಮಿಷನ್ನನ್ನು ಎಳೆದು, ಅತ್ತೆಯೂ ಗಂಡನೂ ಇಬ್ಬರೂ ಕಾಣುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಅರ್ಧಕ್ಕೆ ಬಿಟ್ಟಿದ್ದ ಕವರನ್ನು ಸೂಜಿಯ ಕೆಳಗೆ ಸೇರಿಸಿ ತುಳಿಯತೊಡಗಿದಳು.

ಸ್ವಲ್ಪ ಹೊತ್ತಾದ ಮೇಲೆ ದಾರ ಹರಿದು ಮಿಷನ್ ನಿಂತಿತು. ಅಂಗಡಿ ನಿಶ್ಶಬ್ದವಾಯಿತು. ದಿಂಬುವಿನ ಕೈಗಳೂ ನಿಂತವು. ಅವನು ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದ. ಹಣೆಯ ಮೇಲೆಲ್ಲ ಬೆವರು.

"ನಿಲ್ಲಿಸ್ಬೇಡ ಕಣೇ" ಎಂದ. "ಹೊಲೀತಾ ಇರು. ಸದ್ದು ನಿಂತ್ರೆ ನಂಗೆ ಭಯ ಆಗುತ್ತೆ."

ಅವಳು ಅವನಿಂದ ಕಣ್ಣು ತೆಗೆಯದೆ, ಸೂಜಿಗೆ ದಾರ ಪೋಣಿಸಲು ಹವಣಿಸಿದಳು.